ಅಗೆದು ಮುಗಿಸಿದ ನೆಲ: ಪಂಪಿನ ಬಿಲ್ ಕಟ್ಟುವವರು ಯಾರು?

ನಮ್ಮ ಕಡೆ ನರ್ಸರಿಯವರಿಗೆ ಪೀಟ್ ಅಂದರೆ ಕೊಕೊಪೀಟ್. ತಿಪಟೂರು, ಅರಸೀಕೆರೆ ಕಡೆಯಿಂದಲೋ ಪೊಳ್ಳಾಚಿಯಿಂದಲೋ ಬರುವ ತೆಂಗಿನ ನಾರಿನ ಪುಡಿ. ಚೌಕದ ಗಟ್ಟಿ, ನೀರು ಹಾಕಿದರೆ ಉಬ್ಬಿ ಬುಟ್ಟಿ ತುಂಬುತ್ತದೆ. ಮಹಾಲಿಂಗಪುರದ ಹತ್ತಿರ ನಾನು ಮಾಡುವುದು ಕಬ್ಬಿನ ಸಸಿ. ಒಂದೊಂದೇ ಕಣ್ಣು ಕತ್ತರಿಸಿ ಟ್ರೇಗೆ ಹಾಕಿ, ಸಸಿ ಬೆಳೆಸಿ, ಮುಧೋಳ, ಜಮಖಂಡಿ, ರಾಯಬಾಗ ಕಡೆಯ ರೈತರಿಗೆ ಕೊಡುವ ಕೆಲಸ. ಅದಕ್ಕೆ ಕೊಕೊಪೀಟ್ ಸಾಕು. ಪಾಲಿಹೌಸ್ ಇಟ್ಟವರು ಮಾತ್ರ ದೊಣ್ಣಮೆಣಸಿನಕಾಯಿ, ಜರ್ಬೆರಾ ಅಂತ ಇನ್ನೊಂದು ಚೀಲ ತರಿಸುತ್ತಾರೆ. ಕಂದು ಬಣ್ಣದ ಹಗುರ ಪುಡಿ, ಚೀಲದ ಮೇಲೆ ಲಾಟ್ವಿಯಾ ಅಂತಲೋ ಲಿಥುವೇನಿಯಾ ಅಂತಲೋ ಬರೆದಿರುತ್ತದೆ. ಅದು ನಿಜವಾದ ಪೀಟ್.

ಆ ಚೀಲದೊಳಗಿನದ್ದು ಎಲ್ಲಿಂದ ಬಂತು, ತೆಗೆದ ಜಾಗ ಈಗ ಹೇಗಿದೆ, ಅಲ್ಲಿಯವರು ಅದರಲ್ಲಿ ಏನು ದುಡಿಯುತ್ತಾರೆ ಅಂತ ಓದಲು ಶುರು ಮಾಡಿದವನು ಬಹಳ ದೂರ ಹೋಗಿಬಿಟ್ಟೆ. ಸುಮ್ನೆ ಕುತೂಹಲಕ್ಕಲ್ಲ. ನಮ್ಮ ಸುತ್ತಲೂ ಅಗೆದು ಬಿಟ್ಟ ನೆಲ ಕಡಿಮೆ ಇಲ್ಲ. ಹೊಳೆ ದಂಡೆಯಲ್ಲಿ ಇಟ್ಟಂಗಿ ಭಟ್ಟಿಗೆ ಮಣ್ಣು ಕೊಟ್ಟ ಹೊಲಗಳು, ರಸ್ತೆಗೆ ಗರಸು ಎತ್ತಿದ ಗುಂಡಿಗಳು, ಲೋಕಾಪುರದ ಕಡೆ ಸುಣ್ಣದ ಕಲ್ಲಿನ ಖಣಿಗಳು, ತಾಳಿಕೋಟೆ ಸುತ್ತ ಫರಸಿ ಖಣಿಗಳು, ಇಳಕಲ್ಲಿನ ಕೆಂಪು ಗ್ರಾನೈಟ್. ತೆಗೆಯುವಾಗ ಎಲ್ಲರೂ ಇರುತ್ತಾರೆ. ತೆಗೆದಾದ ಮೇಲೆ ಆ ನೆಲದ ಹೆಸರು ಪಹಣಿಯಲ್ಲಿ ಮಾತ್ರ ಉಳಿಯುತ್ತದೆ.

ಪೀಟ್ ಬಗ್ಗೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ತಣ್ಣನೆಯ ಜೌಗು ನೆಲ. ವರ್ಷವಿಡೀ ನೀರು ನಿಂತಿರುತ್ತದೆ. ಅಲ್ಲಿ ಸ್ಫ್ಯಾಗ್ನಮ್ ಅನ್ನುವ ಪಾಚಿ ಬೆಳೆಯುತ್ತದೆ, ಸಾಯುತ್ತದೆ, ಆದರೆ ನೀರಿನಡಿ ಗಾಳಿ ಇಲ್ಲದ್ದರಿಂದ ಪೂರ್ತಿ ಕೊಳೆಯುವುದಿಲ್ಲ. ಹಾಗೇ ಪದರ ಪದರವಾಗಿ ಕೂಡುತ್ತಾ ಹೋಗುತ್ತದೆ. ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್. ಅಂದರೆ ಒಂದು ಮೀಟರ್ ಪೀಟ್ ಆಗಲು ಸಾವಿರ ವರ್ಷ. ಭೂಮಿಯ ನೆಲದಲ್ಲಿ ಇಂಥ ಜೌಗು ಇರುವುದು ನೂರಕ್ಕೆ 3 ಪಾಲು, ಆದರೆ ಮಣ್ಣಿನಲ್ಲಿರುವ ಇಂಗಾಲದಲ್ಲಿ ಸುಮಾರು ಮೂರನೇ ಒಂದು ಪಾಲು ಅಲ್ಲೇ ಕುಳಿತಿದೆ. ನಮ್ಮ ದೇಶದಲ್ಲೂ ನೀಲಗಿರಿಯ ಎತ್ತರದ ಕಣಿವೆಗಳಲ್ಲಿ ಸ್ವಲ್ಪ ಪೀಟ್ ಇದೆ. ವಿಜಯಪುರದ ಬಿಸಿಲಲ್ಲಿ ಮಾತ್ರ ಅದು ಕನಸಿನಲ್ಲೂ ಆಗದ ಮಾತು.

ತೆಗೆಯುವುದು ಹೇಗೆ ಅಂದರೆ, ಮೊದಲು ನೀರು ಹೊರಗೆ ಹಾಕಬೇಕು. ಜೌಗಿನ ತುಂಬ ಸಾಲು ಸಾಲು ಕಾಲುವೆ ತೋಡುತ್ತಾರೆ. ನೆಲ ಒಣಗಿದ ಮೇಲೆ ಮೇಲಿನ ಹಸಿರು ಕೆರೆದು ಹಾಕುತ್ತಾರೆ. ಆಮೇಲೆ ಬೇಸಿಗೆಯಲ್ಲಿ ಯಂತ್ರದಿಂದ ತೆಳ್ಳನೆಯ ಒಂದು ಪದರ ಪುಡಿ ಮಾಡಿ, ಬಿಸಿಲಿಗೆ ಒಣಗಲು ಬಿಟ್ಟು, ಎಳೆದು ರಾಶಿ ಮಾಡುತ್ತಾರೆ. ಮತ್ತೆ ಮುಂದಿನ ಪದರ. ಹೀಗೆ ಹತ್ತಾರು ವರ್ಷ. ಐರ್ಲೆಂಡಿನಲ್ಲಿ ಇದನ್ನು ಸುಟ್ಟು ಕರೆಂಟ್ ಮಾಡಿದರು, ಮನೆ ಬೆಚ್ಚಗೆ ಮಾಡಿದರು. ಬಾಲ್ಟಿಕ್ ದೇಶಗಳಲ್ಲಿ, ಕೆನಡಾದಲ್ಲಿ ಹೆಚ್ಚಾಗಿ ತೋಟಗಾರಿಕೆಗೆ ಹೋಗುತ್ತದೆ.

ಕೊನೆಗೆ ಉಳಿಯುವುದು ಕಪ್ಪನೆಯ ಬೋಳು ಬಯಲು. ಅಡಿಯಲ್ಲಿ ಒಂದಷ್ಟು ಪೀಟ್ ಇನ್ನೂ ಇರುತ್ತದೆ. ಹಲವು ಕಡೆ ಅದು ಹುಳಿ ಮಣ್ಣು, ರಂಜಕ ಇಲ್ಲ, ಪೊಟ್ಯಾಶ್ ಇಲ್ಲ. ಚಳಿಗಾಲದಲ್ಲಿ ಮಣ್ಣಿನೊಳಗಿನ ನೀರು ಹೆಪ್ಪುಗಟ್ಟಿ ಮೇಲ್ಮೈ ಎದ್ದು ಬರುತ್ತದೆ, ಬೇಸಿಗೆಯಲ್ಲಿ ಧೂಳು, ಬೆಂಕಿ ಬಿದ್ದರೆ ನೆಲದೊಳಗೇ ಉರಿಯುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ಒಣಗಿಸಿ ಇಟ್ಟಷ್ಟು ದಿನ ಉಳಿದ ಪೀಟಿಗೆ ಗಾಳಿ ತಾಗಿ ಅದು ಕೊಳೆಯುತ್ತಲೇ ಇರುತ್ತದೆ. ಇಂಗಾಲ ಗಾಳಿಗೆ ಹೋಗುತ್ತದೆ, ನೆಲ ಕೆಳಗೆ ಇಳಿಯುತ್ತದೆ. ನೆಲ ಇಳಿದಂತೆ ನೀರು ಮೇಲೆ ಬರುತ್ತದೆ. ನೀರು ಬಂದಂತೆ ಅದನ್ನು ಹೊರಗೆ ಹಾಕುವ ಪಂಪ್ ಜಾಸ್ತಿ ಹೊತ್ತು ಓಡಬೇಕು. ಪಂಪ್ ಓಡಿದಷ್ಟೂ ನೆಲ ಮತ್ತೆ ಇಳಿಯುತ್ತದೆ. ಇದನ್ನು ಓದಿದಾಗ ನನಗೆ ಅಥಣಿ, ಚಿಕ್ಕೋಡಿ ಕಡೆಯ ಸವಳು-ಜವಳು ಹೊಲಗಳ ನೆನಪಾಯಿತು. ಕಾರಣ ಬೇರೆ, ಅಲ್ಲಿ ಕಾಲುವೆ ನೀರು ಕಬ್ಬಿಗೆ ಹಾಯಿಸಿ ಹಾಯಿಸಿ ಉಪ್ಪು ಮೇಲೆ ಬಂದದ್ದು. ಆದರೆ ರೈತನ ಪರಿಸ್ಥಿತಿ ಒಂದೇ. ನೀರಿನ ಜೊತೆ ಜಗಳಕ್ಕೆ ನಿಂತರೆ ಪ್ರತಿ ವರ್ಷ ರೊಕ್ಕ ಹಾಕುತ್ತಲೇ ಇರಬೇಕು.

ಇಷ್ಟು ಓದಿದ ಮೇಲೆ ಯಾವ ಯೋಜನೆ ಕಂಡರೂ ನಾನು ಮೊದಲು ಕೇಳುವ ಪ್ರಶ್ನೆ ಇದೇ ಆಯಿತು: ನಾಳೆ ಪಂಪ್ ಬಂದ್ ಮಾಡಿದರೆ ಈ ನೆಲ ಏನಾಗುತ್ತದೆ? ಕೆರೆ ಆಗುತ್ತದೋ, ಕೆಸರಾಗುತ್ತದೋ, ಒಣಗಿಯೇ ಇರುತ್ತದೋ. ಅದು ತಾನಾಗಿ ಏನಾಗುತ್ತದೋ ಅದರಲ್ಲೇ ದುಡಿಮೆ ಹುಡುಕಿದವರು ಉಳಿದಿದ್ದಾರೆ. ಪಂಪ್ ಇದ್ದರೆ ಮಾತ್ರ ನಿಲ್ಲುವ ಉದ್ಯೋಗ ಹಿಡಿದವರು ಸಬ್ಸಿಡಿ ಇರುವತನಕ ಇದ್ದರು.

ಇದಕ್ಕೆ ಬಹಳ ಹಳೆಯ ಉದಾಹರಣೆ ಇಂಗ್ಲೆಂಡಿನ ನಾರ್ಫೋಕ್ ಬ್ರಾಡ್ಸ್. ದೋಣಿ ವಿಹಾರಕ್ಕೆ ಹೆಸರಾದ ಕೆರೆಗಳ ಸಾಲು. ಬಹಳ ಕಾಲ ಎಲ್ಲರೂ ಅವು ದೇವರು ಮಾಡಿದ ಕೆರೆಗಳೇ ಅಂದುಕೊಂಡಿದ್ದರು. 1950ರ ದಶಕದಲ್ಲಿ ಜಾಯ್ಸ್ ಲ್ಯಾಂಬರ್ಟ್ ಅನ್ನುವ ಸಸ್ಯ ವಿಜ್ಞಾನಿ ನೆಲಕ್ಕೆ ಕೊಳವೆ ಇಳಿಸಿ ನೋಡಿದರು. ಕೆರೆಗಳ ಅಂಚು ಗೋಡೆಯಂತೆ ನೇರ ಇಳಿದಿತ್ತು. ತಾನಾಗಿ ಆದ ಕೆರೆಗೆ ಹಾಗೆ ಇರುವುದಿಲ್ಲ. ಅವೆಲ್ಲ ಮಧ್ಯಯುಗದಲ್ಲಿ ಜನ ಉರುವಲಿಗೆ ಪೀಟ್ ತೆಗೆದ ಗುಂಡಿಗಳು. ಹದಿನಾಲ್ಕನೇ ಶತಮಾನದ ಹೊತ್ತಿಗೆ ನೀರು ಏರಿ ತುಂಬಿಕೊಂಡವು. ಯಾರೂ ಯೋಜನೆ ಮಾಡಲಿಲ್ಲ, ಯಾರೂ ಪಂಪ್ ಇಡಲಿಲ್ಲ. ಇವತ್ತು ಆ ಗುಂಡಿಗಳ ಮೇಲೆ ಒಂದು ಇಡೀ ಪ್ರದೇಶದ ಪ್ರವಾಸೋದ್ಯಮ ನಿಂತಿದೆ, ಜೊತೆಗೆ ದಂಡೆಯಲ್ಲಿ ಬೆಳೆಯುವ ಜೊಂಡು ಕೊಯ್ದು ಮನೆಯ ಮಾಡಿಗೆ ಹೊದಿಸುವವರ ಕಸುಬೂ ಇದೆ. ಆದರೆ ಇದನ್ನು ನೋಡಿ "ಬಿಟ್ಟುಬಿಡಿ, ತಾನೇ ಸರಿ ಹೋಗುತ್ತದೆ" ಅನ್ನುವವರಿಗೆ ಒಂದು ಮಾತು: ಅಷ್ಟರಲ್ಲಿ ಆರು ನೂರು ವರ್ಷ ಹೋಗಿದೆ.

ಈಗಿನ ಕಾಲದ ದೊಡ್ಡ ಕಥೆ ಐರ್ಲೆಂಡಿನದು. ಅಲ್ಲಿ ಬೋರ್ಡ್ ನಾ ಮೋನಾ ಅಂತ ಸರ್ಕಾರಿ ಕಂಪನಿ, 1946ರಲ್ಲಿ ಪೀಟ್ ತೆಗೆಯಲೆಂದೇ ಶುರುವಾದದ್ದು. ಅದರ ಕೈಯಲ್ಲಿರುವ ಜಮೀನು ಸುಮಾರು 80,000 ಹೆಕ್ಟೇರ್, ಎರಡು ಲಕ್ಷ ಎಕರೆ ಹತ್ತಿರ. 2021ರ ಜನವರಿಯಲ್ಲಿ ಕಂಪನಿ ಇನ್ನು ಪೀಟ್ ತೆಗೆಯುವುದಿಲ್ಲ ಅಂತ ಘೋಷಿಸಿತು. ಅದಕ್ಕೆ ಒಂದು ತಿಂಗಳ ಹಿಂದೆ ಶಾನನ್‌ಬ್ರಿಜ್ ಮತ್ತು ಲೇನ್ಸ್‌ಬರೋ ಊರುಗಳ ಪೀಟ್ ಸುಡುವ ವಿದ್ಯುತ್ ಸ್ಥಾವರಗಳು ಬಾಗಿಲು ಹಾಕಿದ್ದವು. ಅಪ್ಪ, ಮಗ ಇಬ್ಬರೂ ಅದೇ ಕಂಪನಿಯಲ್ಲಿ ದುಡಿದ ಊರುಗಳು ಅವು. ಸಕ್ಕರೆ ಕಾರ್ಖಾನೆ ಒಂದು ಹಂಗಾಮು ನಿಂತರೆ ನಮ್ಮಲ್ಲಿ ಏನಾಗುತ್ತದೆ ಅಂತ ಗೊತ್ತಿರುವವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ಅಲ್ಲಿ ಜಾಸ್ತಿ ದುಡ್ಡು ತಂದದ್ದು ಯಾವುದು ಗೊತ್ತಾ? ಗಾಳಿ. ಐರ್ಲೆಂಡಿನ ಮೊದಲ ವಾಣಿಜ್ಯ ಗಾಳಿ ವಿದ್ಯುತ್ ಘಟಕ 1992ರಲ್ಲಿ ಮೇಯೋ ಜಿಲ್ಲೆಯ ಬೆಲ್ಲಾಕೋರಿಕ್‌ನಲ್ಲಿ ಪೀಟ್ ತೆಗೆದ ಬಯಲಿನಲ್ಲೇ ಶುರುವಾಯಿತು. 21 ಸಣ್ಣ ಫ್ಯಾನ್, ಎಲ್ಲ ಸೇರಿ ಆರೂವರೆ ಮೆಗಾವ್ಯಾಟ್ ಕೂಡ ಇಲ್ಲ. 2014ರಲ್ಲಿ ಆಫಲಿ ಜಿಲ್ಲೆಯ ಮೌಂಟ್‌ಲೂಕಸ್‌ನಲ್ಲಿ 28 ಫ್ಯಾನ್ ಹಾಕಿದರು, 84 ಮೆಗಾವ್ಯಾಟ್. ಇದು ಹೊಂದಿದ್ದಕ್ಕೆ ಕಾರಣ ಇದೆ. ಜಮೀನು ಒಂದೇ ಕೈಯಲ್ಲಿದೆ, ಅಕ್ಕಪಕ್ಕ ಮನೆಗಳು ಕಡಿಮೆ, ಪೀಟ್ ಸ್ಥಾವರಕ್ಕೆ ಅಂತ ಎಳೆದ ವಿದ್ಯುತ್ ಲೈನು ಹತ್ತಿರವೇ ಇದೆ, ಫ್ಯಾನಿನ ಕಂಬಕ್ಕೆ ಸುತ್ತಲಿನ ನೆಲ ಒದ್ದೆ ಇದ್ದರೂ ನಡೆಯುತ್ತದೆ. ಅಡಿಪಾಯ ಮಾತ್ರ ಪೀಟಿನ ಕೆಳಗಿನ ಗಟ್ಟಿ ನೆಲಕ್ಕೆ ಇಳಿಯಬೇಕು. ಪೀಟ್ ಅರ್ಧ ಮೀಟರೋ ಒಂದು ಮೀಟರೋ ಉಳಿದಿದ್ದರೆ ಅದು ಸುಲಭ. ಅಗೆಯದ ದಪ್ಪ ಜೌಗಿನ ಮೇಲೆ, ಅದೂ ಇಳಿಜಾರಿನಲ್ಲಿ, ಫ್ಯಾನ್ ಹಾಕಲು ಹೋದರೆ ಇಡೀ ಗುಡ್ಡ ಜಾರುವ ಅಪಾಯ ಇದೆ. 2003ರಲ್ಲಿ ಗಾಲ್ವೇ ಜಿಲ್ಲೆಯ ಡೆರ್ರಿಬ್ರಿಯನ್‌ನಲ್ಲಿ ಹಾಗೇ ಆಯಿತು, ಜಾರಿದ ಪೀಟ್ ಹೊಳೆಗೆ ಸೇರಿ ಮೀನು ಸತ್ತವು, ಪ್ರಕರಣ ಯುರೋಪಿನ ನ್ಯಾಯಾಲಯದವರೆಗೆ ಹೋಯಿತು. ಸವದತ್ತಿ ಗುಡ್ಡದ ಮೇಲೆ ಫ್ಯಾನ್ ಸಾಲು ನೋಡಿ ಬೆಳೆದ ನಮಗೆ ಫ್ಯಾನ್ ಎಲ್ಲಿ ಬೇಕಾದರೂ ನಿಲ್ಲುತ್ತದೆ ಅನಿಸುತ್ತದೆ. ಕೆಳಗೆ ಬಂಡೆ ಇದ್ದರೆ ಹಾಗೆ.

ಉಳಿದ ಜಾಗಕ್ಕೆ ಅಲ್ಲಿನ ಸರ್ಕಾರ 33,000 ಹೆಕ್ಟೇರಿಗೆ ಮತ್ತೆ ನೀರು ನಿಲ್ಲಿಸುವ ಯೋಜನೆ ಹಾಕಿತು. ಒಟ್ಟು 12.6 ಕೋಟಿ ಯೂರೋ. ಕೆಲಸ ಕೇಳಿದರೆ ನಮ್ಮವರಿಗೆ ನಗು ಬರಬಹುದು: ಹಿಂದೆ ತೋಡಿದ ಕಾಲುವೆಗಳಿಗೆ ಅಡ್ಡ ಒಡ್ಡು ಹಾಕುವುದು. ಅದೂ ಅಲ್ಲೇ ಸಿಗುವ ಪೀಟಿನಿಂದ. ಮಾಡುವವರೂ ಅದೇ ಹಳೆಯ ಕೆಲಸಗಾರರು, ಓಡಿಸುವ ಯಂತ್ರವೂ ಹೆಚ್ಚು ಕಡಿಮೆ ಅದೇ. ನಮ್ಮ ಹೊಲಗಳಲ್ಲಿ ಮಳೆ ನೀರು ಓಡಿ ಹೋಗಬಾರದು ಅಂತ ಒಡ್ಡು ಹಾಕುವ ಕೆಲಸ ತಲೆಮಾರುಗಳಿಂದ ಇದೆಯಲ್ಲ, ಅದೇ ಕೆಲಸ, ಮಳೆ ಮಾತ್ರ ಬೇರೆ. ನೀರು ನಿಂತ ಮೇಲೆ ಹಕ್ಕಿ ಬಂದವು. ಸುಮಾರು ಮುನ್ನೂರು ವರ್ಷ ಐರ್ಲೆಂಡಿನಲ್ಲಿ ಗೂಡು ಕಟ್ಟದ ಕ್ರೇನ್ ಅನ್ನುವ ಎತ್ತರದ ಹಕ್ಕಿ ಇಂಥದ್ದೇ ಒಂದು ಜಾಗದಲ್ಲಿ ಗೂಡು ಕಟ್ಟಿತು. ಆಫಲಿ ಜಿಲ್ಲೆಯಲ್ಲೇ ಲಾಕ್ ಬೂರಾ ಅಂತ ಇದೆ. ಎರಡು ಸಾವಿರ ಹೆಕ್ಟೇರಿಗೂ ಜಾಸ್ತಿ, ಕೆರೆಗಳು, ಸೈಕಲ್ ದಾರಿ, ಮೀನು ಹಿಡಿಯುವ ಜಾಗ, ಹಳೆಯ ಪೀಟ್ ರೈಲಿನ ತುಂಡುಗಳಿಂದ ಮಾಡಿದ ಶಿಲ್ಪಗಳು. ಪೀಟ್ ತೆಗೆಯುವಾಗ ಅಲ್ಲಿ ಸಾವಿರಾರು ವರ್ಷ ಹಿಂದಿನ ಬೇಟೆಗಾರರ ನೆಲೆಯೂ ಸಿಕ್ಕಿತ್ತು. ಬಾದಾಮಿ, ಐಹೊಳೆ ಇಟ್ಟುಕೊಂಡು ಕೂತ ನಾವು ಪ್ರವಾಸಿಗರಿಗೆ ಒಂದು ನೆರಳು, ಒಂದು ಶೌಚಾಲಯ ಮಾಡಲು ಒದ್ದಾಡುತ್ತೇವೆ. ಆ ಮಾತು ಇನ್ನೊಮ್ಮೆ.

ಈಗ ಬೆಳೆಗೆ ಬರುತ್ತೇನೆ, ನನ್ನ ಆಸಕ್ತಿ ಅಲ್ಲೇ ಜಾಸ್ತಿ.

ಒದ್ದೆ ನೆಲದಲ್ಲೇ ಬೆಳೆಯುವ ಬೇಸಾಯಕ್ಕೆ ಯುರೋಪಿನವರು ಪಾಲುಡಿಕಲ್ಚರ್ ಅನ್ನುತ್ತಾರೆ. ಜರ್ಮನಿಯ ಗ್ರೈಫ್ಸ್‌ವಾಲ್ಡ್ ವಿಶ್ವವಿದ್ಯಾಲಯ ಇದರಲ್ಲಿ ಮುಂದಿದೆ. ಅದರಲ್ಲಿ ನನಗೆ ತಲೆ ತಿರುಗಿಸಿದ್ದು ಪಾಚಿ ಬೇಸಾಯ. ಪೀಟ್ ಆಗುವ ಅದೇ ಸ್ಫ್ಯಾಗ್ನಮ್ ಪಾಚಿಯನ್ನು ಬೆಳೆದು, ಕೊಯ್ದು, ಒಣಗಿಸಿ, ಪೀಟಿನ ಬದಲು ನರ್ಸರಿಗೆ ಮಾರುವುದು. ಲೋವರ್ ಸ್ಯಾಕ್ಸನಿಯ ರಾಮ್ಸ್‌ಲೋ ಅನ್ನುವಲ್ಲಿ ಪೀಟ್ ತೆಗೆದ ಜಾಗದಲ್ಲೇ 2004ರಲ್ಲಿ ಒಂದು ಪ್ರಯೋಗ ಶುರುವಾಯಿತು. 2011ರಲ್ಲಿ ಹಾಂಕ್‌ಹೌಸನ್‌ನಲ್ಲಿ ಇನ್ನೊಂದು, ಅದು ಹಿಂದೆ ಹುಲ್ಲುಗಾವಲಾಗಿದ್ದ ಪೀಟ್ ನೆಲ. ಮಾಡುವ ರೀತಿ ಸರಳ: ನೆಲ ಮಟ್ಟ ಮಾಡಿ, ಪಾಚಿಯ ತುಂಡುಗಳನ್ನು ಚೆಲ್ಲಿ, ಮೇಲೆ ಹುಲ್ಲು ಹೊದಿಸಿ, ನೀರನ್ನು ಮೇಲ್ಮೈಗೆ ಕೆಲವೇ ಸೆಂಟಿಮೀಟರ್ ಕೆಳಗೆ ನಿಲ್ಲಿಸುವುದು. ಮೂರು-ನಾಲ್ಕು ವರ್ಷಕ್ಕೆ ಒಂದು ಕೊಯ್ಲು, ಆಮೇಲೆ ಮತ್ತೆ ಚಿಗುರುತ್ತದೆ, ನಮ್ಮ ಕುಳೆ ಕಬ್ಬಿನ ಹಾಗೆ. ಸಾವಿರ ವರ್ಷದ ಸಾಮಾನನ್ನು ತೆಗೆದು ಮಾರುವ ಬದಲು ನಾಲ್ಕು ವರ್ಷದ್ದನ್ನು ಮಾರಬಹುದು ಅಂದರೆ ನನ್ನಂಥ ನರ್ಸರಿಯವನಿಗೆ ಖುಷಿಯೇ. ತೊಂದರೆ ಎಂದರೆ ಬೆಲೆ. ಅಗೆದ ಪೀಟ್ ಅಗ್ಗ, ಬೆಳೆದ ಪಾಚಿ ತುಟ್ಟಿ. ಬಿತ್ತನೆಗೆ ಬೇಕಾದಷ್ಟು ಪಾಚಿಯೂ ಸಿಗುವುದಿಲ್ಲ. ಬೇಸಿಗೆಯಲ್ಲಿ ನೀರು ಇಳಿದರೆ ಹಾಯಿಸಬೇಕು, ಆಗ ಪಂಪ್ ಮತ್ತೆ ಬಂತು. ಹಾಗಾಗಿ ಇದು ದುಡ್ಡು ಮಾಡುವ ಮಟ್ಟಕ್ಕೆ ಬರಬೇಕಾದರೆ ಅಗೆದ ಪೀಟಿನ ಬೆಲೆ ಏರಬೇಕು ಅಥವಾ ಅಗೆಯುವುದನ್ನೇ ನಿಲ್ಲಿಸಬೇಕು.

ಕೆನಡಾದವರು ಪಾಚಿಯನ್ನು ಮಾರಲು ಅಲ್ಲ, ಜೌಗನ್ನು ಮತ್ತೆ ಎಬ್ಬಿಸಲು ಹಾಕುತ್ತಾರೆ. ಕ್ವಿಬೆಕ್‌ನ ಲಾವಾಲ್ ವಿಶ್ವವಿದ್ಯಾಲಯದ ಲೀನ್ ರೋಷ್‌ಫೋರ್ ಅವರ ತಂಡ ರೂಢಿ ಮಾಡಿದ ವಿಧಾನ. ಅಗೆಯದ ಜೌಗಿನಿಂದ ಮೇಲಿನ ಹತ್ತು ಸೆಂಟಿಮೀಟರ್ ಪಾಚಿ ಎತ್ತಿ, ಅದರ ಹತ್ತು ಪಟ್ಟು ಜಾಗಕ್ಕೆ ಹರಡಿ, ಹುಲ್ಲು ಹೊದಿಸಿ, ಕಾಲುವೆ ಮುಚ್ಚುವುದು. ದೊಡ್ಡ ಲಾಭ ಇದರಲ್ಲಿ ನೇರವಾಗಿ ಕಾಣುವುದಿಲ್ಲ. ಆದರೆ ಅಲ್ಲಿ ಪೀಟ್ ತೆಗೆಯುವ ಕಂಪನಿಗಳೇ ಈ ಸಂಶೋಧನೆಗೆ ಸೇರಿಕೊಂಡಿವೆ. ಜಾಗ ಸರಿ ಮಾಡುತ್ತೇವೆ ಅಂತ ತೋರಿಸಿದರೆ ಮುಂದಿನ ಜಾಗ ಸಿಗುತ್ತದೆ ಅನ್ನುವ ಲೆಕ್ಕವೂ ಅದರೊಳಗೆ ಇರಬಹುದು, ನನಗೇನೂ ತಕರಾರಿಲ್ಲ, ಕೆಲಸ ಆದರೆ ಸಾಕು.

ಲಾಟ್ವಿಯಾ, ಎಸ್ಟೋನಿಯಾದಲ್ಲಿ ಕ್ರ್ಯಾನ್‌ಬೆರಿ, ಬ್ಲೂಬೆರಿ ಬೆಳೆಯುತ್ತಾರೆ. ಈ ಗಿಡಗಳಿಗೆ ಹುಳಿ ಮಣ್ಣೇ ಬೇಕು. ಬೇರೆ ಬೆಳೆಗೆ ಶತ್ರುವಾದ ಗುಣ ಇವಕ್ಕೆ ಬಂಡವಾಳ. ಇದು ಜಾಣತನ ಅನಿಸಿತು. ಆದರೆ ಗಿಡ ಹಚ್ಚಿ ಮೊದಲ ಒಳ್ಳೆ ಫಸಲಿಗೆ ಕೆಲವು ವರ್ಷ ಕಾಯಬೇಕು, ವಸಂತದ ಹಿಮಕ್ಕೆ ಹೂ ಸುಟ್ಟು ಹೋಗದಂತೆ ಸ್ಪ್ರಿಂಕ್ಲರ್ ಬೇಕು, ಮಾರುಕಟ್ಟೆ ಚಿಕ್ಕದು. ದ್ರಾಕ್ಷಿ ಹಚ್ಚಿದ ತಿಕೋಟಾದವರನ್ನು ಕೇಳಿ, ಹಣ್ಣಿನ ತೋಟ ಅಂದರೆ ಮೊದಲ ವರ್ಷಗಳ ಬಡ್ಡಿ ಹೇಗೆ ಇರುತ್ತದೆ ಅಂತ ಹೇಳುತ್ತಾರೆ.

ಜೊಂಡಿನ ಕಥೆಯೂ ಇದೆ. ನಮ್ಮ ಕಾಲುವೆ ಕಟ್ಟಿ ಹಾಕುವ, ನಾವು ಬೈದು ಕಿತ್ತೆಸೆಯುವ ಅದೇ ಜೊಂಡು. ಜರ್ಮನಿಯಲ್ಲಿ ಅದರಿಂದ ಗೋಡೆಗೆ ಹಾಕುವ ಹಲಗೆ ಮಾಡುತ್ತಾರೆ, ಎಲೆಯೊಳಗೆ ಗಾಳಿ ಗೂಡುಗಳಿರುವುದರಿಂದ ಚಳಿ ತಡೆಯುತ್ತದೆ. ಮಾಲ್ಶಿನ್ ಅನ್ನುವ ಊರಲ್ಲಿ 2014ರಿಂದ ಒದ್ದೆ ಹುಲ್ಲುಗಾವಲಿನ ಒರಟು ಹುಲ್ಲನ್ನು ಸುಟ್ಟು ಸುಮಾರು 500 ಮನೆಗಳಿಗೆ ಬಿಸಿನೀರು, ಬಿಸಿ ಕೊಡುವ ಒಂದು ಘಟಕ ನಡೆಯುತ್ತಿದೆ. ಇದು ನಡೆದದ್ದು ಹುಲ್ಲು ಪಕ್ಕದಲ್ಲೇ ಇತ್ತು, ಕೊಳ್ಳುವವರು ಪಕ್ಕದಲ್ಲೇ ಇದ್ದರು ಅಂತ. ಫಿನ್ಲೆಂಡಿನಲ್ಲಿ ಉಲ್ಟಾ ಆಯಿತು. 2000ದ ದಶಕದಲ್ಲಿ ಅಲ್ಲಿ ಪೀಟ್ ತೆಗೆದ ಜಾಗದಲ್ಲೂ ರೀಡ್ ಕೆನರಿ ಅನ್ನುವ ಹುಲ್ಲನ್ನು ಸ್ಥಾವರಗಳಲ್ಲಿ ಸುಡಲು ಬೆಳೆಸಿದರು. ಸಹಾಯಧನ ಇತ್ತು, ಎಲ್ಲರೂ ಹಾಕಿದರು. ಆದರೆ ಹುಲ್ಲು ಹಗುರ, ಲಾರಿ ತುಂಬ ಹಾಕಿದರೂ ತೂಕ ಬರುವುದಿಲ್ಲ, ಸಾಗಣೆಯಲ್ಲೇ ದುಡ್ಡು ಹೋಯಿತು, ಬಾಯ್ಲರಿನವರೂ ಕಿರಿಕಿರಿ ಮಾಡಿದರು. ಬೆಂಬಲ ಇಳಿದಂತೆ ಬೆಳೆಯೂ ಇಳಿಯಿತು. ಬೀಜದ ಎಣ್ಣೆಯಿಂದ ಡೀಸೆಲ್ ಆಗುತ್ತದೆ ಅಂತ ಜಟ್ರೋಫಾ ಹಚ್ಚಿ ಕುಂತವರು ನಮ್ಮಲ್ಲೂ ಇದ್ದರು, ನೆನಪಿದೆಯಲ್ವಾ?

ಇಂಗಾಲದ ಕ್ರೆಡಿಟ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಬ್ರಿಟನ್ನಿನಲ್ಲಿ 2015ರಿಂದ ಪೀಟ್‌ಲ್ಯಾಂಡ್ ಕೋಡ್ ಅನ್ನುವ ನಿಯಮಾವಳಿ ಇದೆ. ಜೌಗಿಗೆ ಮತ್ತೆ ನೀರು ನಿಲ್ಲಿಸಿ ಎಷ್ಟು ಇಂಗಾಲ ಉಳಿಯಿತು ಅಂತ ಲೆಕ್ಕ ಮಾಡಿ ಕಂಪನಿಗಳಿಗೆ ಮಾರಬಹುದು. ನೀರು ನಿಲ್ಲಿಸಿದ ಮೊದಲ ವರ್ಷಗಳಲ್ಲಿ ಭೂಮಿಯನ್ನು ಬಿಸಿ ಮಾಡುವ ಮೀಥೇನ್ ಅನಿಲ ಏರುತ್ತದೆ ಅನ್ನುವುದು ನಿಜ, ಆದರೂ ಒಣಗಿಸಿ ಬಿಡುವುದಕ್ಕಿಂತ ಒಟ್ಟು ಲೆಕ್ಕ ಒಳ್ಳೆಯದೇ. ಪೀಟ್ ಇದ್ದವರಿಗೆ ಇದು ಆದಾಯ. ನಮ್ಮ ಗರಸು ಗುಂಡಿಗೆ ಕ್ರೆಡಿಟ್ ಕೊಡಿಸುತ್ತೇನೆ ಅಂತ ಯಾರಾದರೂ ಫೈಲ್ ಹಿಡಿದು ಬಂದರೆ ಚಹಾ ಕುಡಿಸಿ ಕಳಿಸಿ.

ಇಷ್ಟೆಲ್ಲದರಲ್ಲಿ ನನಗೆ ನಿಜವಾಗಿ ಇಷ್ಟವಾದದ್ದು ಡಚ್ಚರದು. ನೆದರ್ಲೆಂಡ್ಸಿನ ಈಶಾನ್ಯದಲ್ಲಿ ಗ್ರೋನಿಂಗನ್ ಊರಿನ ಸುತ್ತ ಹದಿನೇಳನೇ ಶತಮಾನದಿಂದ ಭಾರಿ ಪ್ರಮಾಣದಲ್ಲಿ ಪೀಟ್ ತೆಗೆದರು. ತೆಗೆಯಲು ಕಾಲುವೆ ತೋಡಿದರು, ಅದೇ ಕಾಲುವೆಯಲ್ಲಿ ದೋಣಿ ಮೂಲಕ ಪೀಟ್ ಊರಿಗೆ ಹೋಯಿತು. ನೆಲ ಸಮುದ್ರಕ್ಕಿಂತ ಎತ್ತರ ಇದ್ದದ್ದರಿಂದ ನೀರು ಆ ಕಾಲುವೆಗಳಲ್ಲಿ ತಾನೇ ಇಳಿದು ಹೋಯಿತು. ಆದರೆ ಅವರ ಜಾಣತನ ಬೇರೆ ಕಡೆ ಇದೆ. ಜಾಗ ಗುತ್ತಿಗೆಗೆ ಕೊಡುವಾಗಲೇ ಷರತ್ತು: ಮೇಲಿನ ಪದರದ ಪೀಟ್ ಸುಡಲು ಅಷ್ಟು ಚೆನ್ನಾಗಿರುವುದಿಲ್ಲ, ಅದನ್ನು ತೆಗೆದು ಬದಿಗೆ ಇಡಬೇಕು, ಕೆಳಗಿನದು ಒಯ್ದ ಮೇಲೆ ಅದನ್ನು ವಾಪಸ್ ಹರಡಬೇಕು. ಅದರ ಮೇಲೆ ಮರಳು ಹಾಕಿ ಬೆರೆಸಿದರು. ಪೀಟ್ ಹೊತ್ತು ಊರಿಗೆ ಹೋದ ದೋಣಿಗಳು ಖಾಲಿ ಬರುವ ಬದಲು ಊರಿನ ಕಸ, ಗೊಬ್ಬರ ತುಂಬಿಕೊಂಡು ಬಂದವು. ಹಾಗೆ ಹೊಸ ಹೊಲ ತಯಾರಾಯಿತು. ಅಲ್ಲಿ ಆಲೂಗಡ್ಡೆ ಬಂತು, ಆಲೂಗಡ್ಡೆಯಿಂದ ಪಿಷ್ಟ ತೆಗೆಯುವ ಕಾರ್ಖಾನೆ ಬಂದವು, ಕಾರ್ಖಾನೆಯವರು ಬೆಲೆ ಕಡಿಮೆ ಕೊಟ್ಟಾಗ ರೈತರೇ ಸಹಕಾರ ಸಂಘ ಕಟ್ಟಿದರು. 1919ರಲ್ಲಿ ಆ ಸಂಘಗಳು ಮಾರಾಟಕ್ಕೆ ಒಂದಾಗಿ ಅವೇಬೆ ಅನ್ನುವ ಒಕ್ಕೂಟ ಆಯಿತು, ಅದು ಇವತ್ತಿಗೂ ನಡೆಯುತ್ತಿದೆ. ಅಲ್ಲಿಯೂ ಉಳಿದ ಪೀಟ್ ಕರಗುತ್ತಿದೆ, ಗಾಳಿಗೆ ಮಣ್ಣು ಹಾರುತ್ತದೆ, ಎಲ್ಲ ಸರಿ ಇದೆ ಅಂತ ಹೇಳುತ್ತಿಲ್ಲ. ಆದರೆ ನೂರಾರು ವರ್ಷ ಆ ನೆಲ ಅನ್ನ ಕೊಟ್ಟಿದೆ, ಅದಕ್ಕೆ ಕಾರಣ ಅಗೆಯುವ ಮೊದಲು ಬರೆದ ಒಂದು ಷರತ್ತು.

ಇಲ್ಲಿ ನಮ್ಮ ಕಾಕಾನ ಮಾತು ಬರುತ್ತದೆ. ಘಟಪ್ರಭಾ ದಂಡೆಯಲ್ಲಿ ಅವರದು ಎರಿ ಹೊಲ. ಭಟ್ಟಿಯವರು ಮಣ್ಣು ಕೇಳುತ್ತಿದ್ದಾರೆ. ಕಾಕಾ ಹೇಳುವುದು, "ತಮ್ಮಾ, ಮೂರು ಫೂಟ್ ಮಣ್ಣ ಕೊಟ್ಟರ ವರ್ಷದ ಕಬ್ಬಿನ ರೊಕ್ಕ ಒಮ್ಮೆಲೇ ಕೈಗೆ ಬರತೈತಿ. ಹೊಲಾ ಎಲ್ಲಿ ಹೊಕ್ಕೈತಿ, ಅಲ್ಲೇ ಇರತೈತಿ." ಲೆಕ್ಕ ತಪ್ಪಲ್ಲ, ಮಗಳ ಮದುವೆ ಇದ್ದಾಗ ಯಾರಾದರೂ ಹಾಗೇ ಯೋಚಿಸುತ್ತಾರೆ. ಆದರೆ ಹೊಲ ಅಲ್ಲೇ ಇರುವುದಿಲ್ಲ, ಮೂರು ಫೂಟ್ ಕೆಳಗೆ ಇರುತ್ತದೆ. ಅಕ್ಕಪಕ್ಕದ ಹೊಲಗಳಿಗೆ ಹಾಯಿಸಿದ ನೀರು ಬಸಿದು ಅಲ್ಲಿಗೇ ಬರುತ್ತದೆ. 2019ರ ಆಗಸ್ಟಿನ ಹಾಗೆ ಹೊಳೆ ಬಂದರೆ ಮೊದಲು ತುಂಬುವುದು ಅದೇ, ಕೊನೆಗೆ ಖಾಲಿಯಾಗುವುದೂ ಅದೇ. ಮೇಲಿನ ಒಂದು ಫೂಟಿನಲ್ಲಿದ್ದ ಗೊಬ್ಬರ, ಎರೆಹುಳು, ತಲೆಮಾರುಗಳ ಉಳುಮೆ ಎಲ್ಲ ಭಟ್ಟಿಯಲ್ಲಿ ಸುಟ್ಟು ಯಾರದೋ ಗೋಡೆಯಾಗಿರುತ್ತದೆ. ಸರಿಯಾಗಿ ನೋಡಿದರೆ ಮಣ್ಣಿನ ಇಟ್ಟಂಗಿ ಇಷ್ಟು ಬೇಕಾಗಿಯೂ ಇಲ್ಲ. ಕೂಡಗಿಯಲ್ಲಿ 2,400 ಮೆಗಾವ್ಯಾಟಿನ ಕಲ್ಲಿದ್ದಲು ಸ್ಥಾವರ ಇದೆ, ಅದರ ಹಾರುಬೂದಿಯಿಂದ ಇಟ್ಟಂಗಿ ಆಗುತ್ತದೆ. ಕಟ್ಟುವವರು ಮಾತ್ರ ಕೆಂಪು ಇಟ್ಟಂಗಿಯೇ ಬೇಕು ಅನ್ನುತ್ತಾರೆ.

ಫರಸಿ ಖಣಿ, ಗ್ರಾನೈಟ್ ಖಣಿಗಳ ಮಾತು ಬೇರೆ. ಅಲ್ಲಿ ಹೊಲ ವಾಪಸ್ ಬರುವುದಿಲ್ಲ, ನೀರು ನಿಲ್ಲುತ್ತದೆ. ಹಾಗಾದರೆ ನೀರಿನದೇ ಉದ್ಯೋಗ. ಖಣಿಯ ಗೋಡೆ ನೇರ, ತಳ ಏರುಪೇರು, ಬಲೆ ಎಳೆಯಲು ಆಗುವುದಿಲ್ಲ, ಆದ್ದರಿಂದ ತೇಲುವ ಪಂಜರದಲ್ಲಿ ಮೀನು ಸಾಕುವುದು ಸರಿಯಾದ ದಾರಿ. 2020ರಲ್ಲಿ ಬಂದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಪಂಜರಕ್ಕೆ ಸಾಮಾನ್ಯ ವರ್ಗಕ್ಕೆ ಶೇ. 40, ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆ ಶೇ. 60 ಸಹಾಯಧನ ಇಟ್ಟರು. ಆದರೆ ಸಹಾಯಧನ ನೋಡಿ ಇಳಿಯಬೇಡಿ, ಏಪ್ರಿಲ್ ಕೊನೆಯಲ್ಲಿ ಖಣಿಯಲ್ಲಿ ಎಷ್ಟು ನೀರು ಉಳಿಯುತ್ತದೆ ಅಂತ ನೋಡಿ ಇಳಿಯಿರಿ. ನಮ್ಮದು ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯ ನಾಡು. ಬೇಸಿಗೆಯಲ್ಲಿ ನೀರು ಇಳಿದು ಬಿಸಿಯಾದರೆ ಆಮ್ಲಜನಕ ಸಾಲದೆ ಒಂದೇ ರಾತ್ರಿಯಲ್ಲಿ ಮೀನು ತೇಲುತ್ತವೆ. ಬೋರ್‌ವೆಲ್ಲಿನಿಂದ ತುಂಬಿಸುತ್ತೇನೆ ಅಂದರೆ ಅದು ಮತ್ತೆ ಪಂಪಿನ ಉದ್ಯೋಗವೇ. ಬೇಲಿ ಹಾಕಲೇಬೇಕು. ರಜೆಯಲ್ಲಿ ಈಜಲು ಹೋದ ಹುಡುಗರು ಖಣಿ ನೀರಿನಲ್ಲಿ ಮುಳುಗಿದ ಸುದ್ದಿ ಪ್ರತಿ ಬೇಸಿಗೆ ಓದುತ್ತೇವೆ.

ಇದಕ್ಕೆ ರೊಕ್ಕ ಎಲ್ಲಿಂದ ಅಂತ ಕೇಳುವವರಿಗೆ: 2015ರಲ್ಲಿ ಗಣಿ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಪ್ರತಿ ಗಣಿ ಜಿಲ್ಲೆಯಲ್ಲೂ ಜಿಲ್ಲಾ ಖನಿಜ ಪ್ರತಿಷ್ಠಾನ ಇದೆ. ಗಣಿಯವರು ರಾಜಧನದ ಮೇಲೆ ಒಂದು ಪಾಲು ಅದಕ್ಕೆ ಕಟ್ಟುತ್ತಾರೆ, ಗಣಿಯಿಂದ ತೊಂದರೆಯಾದ ಊರುಗಳಿಗೆ ಅದು ಬಳಕೆಯಾಗಬೇಕು. ಗ್ರಾಮಸಭೆಯಲ್ಲಿ ಸಮುದಾಯ ಭವನ ಕೇಳುವ ಬದಲು ಖಣಿಗೆ ಬೇಲಿ, ಮೆಟ್ಟಿಲು, ಮೀನುಗಾರರ ಸಂಘಕ್ಕೆ ಪಂಜರ ಕೇಳಬಹುದು. ಸಮುದಾಯ ಭವನ ನಮ್ಮಲ್ಲಿ ಈಗಾಗಲೇ ಇದೆ, ಬೀಗವೂ ಇದೆ.

ಕಾಕಾ ಮಣ್ಣು ಕೊಡುವುದನ್ನು ನಾನು ತಡೆಯಲಾರೆ. ಕೊಡುವುದಾದರೆ ಬರೆಸಿಕೊಳ್ಳಿ ಅಂತ ಹೇಳಿದ್ದೇನೆ, ನಿಮಗೂ ಅದನ್ನೇ ಹೇಳುತ್ತೇನೆ. ಬಾಯಿ ಮಾತು ಬೇಡ, ಬಾಂಡ್ ಪೇಪರಿನ ಮೇಲೆ. ಮೇಲಿನ ಒಂದು ಫೂಟ್ ಮಣ್ಣು ಮಾರಾಟಕ್ಕಿಲ್ಲ, ಜೆಸಿಬಿ ಅದನ್ನು ಮೊದಲು ಎತ್ತಿ ಬದುವಿಗೆ ರಾಶಿ ಹಾಕಬೇಕು, ಕೆಳಗಿನದು ಒಯ್ದ ಮೇಲೆ ಅದನ್ನೇ ಮರಳಿ ಹರಡಿ ಮಟ್ಟ ಮಾಡಬೇಕು. ಆಳ ಎಷ್ಟು ಅಂತ ನಾಲ್ಕು ಮೂಲೆಗೂ ಕಲ್ಲು ನೆಟ್ಟು ಗುರುತು ಹಾಕಿ. ಹೊಲದ ತಳ ಹಳ್ಳದ ತಳಕ್ಕಿಂತ ಕೆಳಗೆ ಇಳಿಯಬಾರದು, ಇಳಿದರೆ ನೀರು ತಾನಾಗಿ ಹೊರಗೆ ಹೋಗುವುದಿಲ್ಲ, ಪಂಪ್ ನಿಮ್ಮ ಮನೆಗೆ ಬಂದಂತೆ. ಬಸಿಗಾಲುವೆ ತೋಡಿ ಕೊಡುವುದು ಭಟ್ಟಿಯವರ ಖರ್ಚು. ಮೊದಲ ಹಂಗಾಮು ಹಸಿರೆಲೆ ಗೊಬ್ಬರದ ಡಯಾಂಚಾ ಬಿತ್ತಿ ಹೂ ಬರುವ ಮೊದಲೇ ಮಣ್ಣಿಗೆ ಮುರಿದು ಹಾಕಿ, ಬೀಜದ ಖರ್ಚನ್ನೂ ಕರಾರಿನಲ್ಲೇ ಸೇರಿಸಿ. ಇಷ್ಟಕ್ಕೆ ಒಪ್ಪದ ಭಟ್ಟಿಯವರು ಟ್ರಿಪ್ಪಿಗೆ ಐವತ್ತು ರೂಪಾಯಿ ಜಾಸ್ತಿ ಕೊಡುತ್ತೇನೆ ಅಂದರೆ ಆ ಐವತ್ತು ಯಾತಕ್ಕೆ ಅಂತ ಲೆಕ್ಕ ಹಾಕಿ ನೋಡಿ. ಈ ಷರತ್ತುಗಳನ್ನು ಬರೆದುಕೊಟ್ಟ ಕಾಗದ ಓದಿ ಕಾಕಾ "ಭಟ್ಟಿಯವ ನಿನ್ನ ಕಂಡರ ಮಣ್ಣ ತಗೊಳ್ಳೂದ ಬಿಡತಾನ" ಅಂದರು. ಆದರೂ ಕಾಗದ ಅವರ ಹತ್ತಿರವೇ ಇದೆ, ದಸರಾ ಮುಗಿದ ಮೇಲೆ ಭಟ್ಟಿಯವರು ಮಾತಿಗೆ ಬರುತ್ತಾರಂತೆ.